ಒಂದೇ ಕೈಯ ಅಂಗಳ

ನಮ್ಮೂರಲ್ಲಿ ಮದುವೆ ಊಟಕ್ಕೆ ಕೂತವರ ಪೈಕಿ ಕಲ್ಲು ಹಾಸುವವರು ಯಾರು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಉಳಿದವರೆಲ್ಲ ಎಡಗೈಯನ್ನು ನೆಲಕ್ಕೆ ಊರಿಕೊಂಡು ಆರಾಮವಾಗಿ ಉಣ್ಣುತ್ತಿದ್ದರೆ ನಮ್ಮ ಮಂದಿ ಎಡಗೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿರುತ್ತಾರೆ. ಹೊಟ್ಟೆ ಬಿರಿಯುವಂತಾದರೂ ‘ಸಾಕು’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಡಿಸುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಬೇಕೆಂದೇ ನಮ್ಮ ಎಲೆಯ ಮುಂದೆ ನಿಂತು ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಾರೆ. ನಾವು ತಲೆ ಅಲ್ಲಾಡಿಸುತ್ತೇವೆ, ಎಲೆಗೆ ಬಲಗೈ ಅಡ್ಡ ಹಿಡಿಯುತ್ತೇವೆ, ಕಣ್ಣಲ್ಲೇ ಬೇಡಿಕೊಳ್ಳುತ್ತೇವೆ. ನನ್ನ ಗೆಳತಿಯ ಮದುವೆಯಲ್ಲಿ ನಾನು ಹನ್ನೊಂದು ಹೋಳಿಗೆ ತಿಂದಿದ್ದೇನೆ. ಆಮೇಲೆ ಎರಡು ದಿನ ಬಗ್ಗಲಾಗಲಿಲ್ಲ.

ಹಾಗೆ ಉಣ್ಣುವುದಕ್ಕೆ ಕಾರಣವಿದೆ. ನಮ್ಮೂರಲ್ಲಿ ಒಂದು ಕಲ್ಲನ್ನು ಹಾಸಿ, ಬಲಗೈಯ ಮರದ ಕೊಡತಿಯಿಂದ ತಟ್ಟುತ್ತ, ನಡುಮಧ್ಯೆ ಎಡ ಅಂಗೈ ಊರಿ ಒತ್ತಿ ಕೂರಿಸಿದವರಿಗೆ ಆ ಕಲ್ಲಿನ ಮೇಲೆ ಬೀಳುವ ಪ್ರತಿಯೊಂದು ಹೆಜ್ಜೆಯೂ ಅದೇ ಅಂಗೈಯಲ್ಲಿ ಬೀಳುತ್ತದೆ. ಜೀವ ಇರುವ ತನಕ ಬೀಳುತ್ತದೆ. ಹಾಸಿದವರೇ ಹಾರೆ ಹಾಕಿ ಎತ್ತಿದರೆ ಆ ಒಂದು ಕಲ್ಲಿನ ಋಣ ಹರಿಯುತ್ತದೆ. ಆದರೆ ಎಡ ಅಂಗೈ ನೆಲಕ್ಕೆ ತಾಗಿರುವಾಗ ‘ಸಾಕು’ ಎಂಬ ಮಾತು ಬಾಯಿಂದ ಬಂತೋ, ಅವರು ಹಾಸಿದ ಅಷ್ಟೂ ಕಲ್ಲುಗಳು ಎಲ್ಲೆಲ್ಲಿವೆಯೋ ಅಲ್ಲಲ್ಲೇ ಒಂದೇ ಸಲಕ್ಕೆ ಸಡಿಲಾಗುತ್ತವೆ, ಅವುಗಳ ಋಣವೂ ಹರಿಯುತ್ತದೆ. ಮೇಲೆ ನಿಂತವರು ಮುಗ್ಗರಿಸುತ್ತಾರೆ. ಹಾಗಾಗಿ ಈ ಕಸುಬಿನ ಮನೆಗಳಲ್ಲಿ ಮಕ್ಕಳಿಗೆ ಉಳಿ ಹಿಡಿಯುವುದಕ್ಕಿಂತ ಮೊದಲು ಉಣ್ಣುವುದನ್ನು ಕಲಿಸುತ್ತಾರೆ.

ನನ್ನ ಹೆಸರು ಬಾಳವ್ವ. ಈ ಅಂಗಳಕ್ಕೆ ಕೈಹಾಕುವ ಮೊದಲು ನಾನು ಹದಿನಾಲ್ಕು ಮನೆಗಳ ಮೆಟ್ಟಿಲುಗಲ್ಲು ಹಾಸಿದ್ದೆ. ಹದಿನಾಲ್ಕು ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಸಿಟ್ಟಿನಿಂದ ಹೊರಟುಹೋದರು ಎಂಬುದೆಲ್ಲ ನನಗೆ ತಿಳಿಯುತ್ತಿತ್ತು. ನೇಕಾರ ಓಣಿಯ ಒಂದು ಮನೆಯ ಹಿತ್ತಲ ಕಲ್ಲಿನ ಮೇಲೆ ದಿನಾ ಮಧ್ಯಾಹ್ನ ಯಾರ ಹೆಜ್ಜೆ ಬೀಳುತ್ತದೆ ಎಂದು ನನಗೆ ಗೊತ್ತು, ಹೇಳುವುದಿಲ್ಲ. ಹೇಳಬಾರದೆಂಬುದು ಕಸುಬಿನ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇದೆ. ಒಬ್ಬರು ಹಾಸಿದ ಕಲ್ಲಿಗೆ ಇನ್ನೊಬ್ಬ ಕಸುಬುದಾರ ಸುಮ್ಮಸುಮ್ಮನೆ ಎಡ ಅಂಗೈ ಮುಟ್ಟಿಸುವ ಹಾಗಿಲ್ಲ. ಮುಟ್ಟಿಸಿದರೆ ಆ ಕೆಲಸ ತನಗೆ ಒಪ್ಪಿದೆ, ಅದರಲ್ಲಿ ಎಣಿಸಲು ತಪ್ಪಿಲ್ಲ ಎಂದು ಅರ್ಥ. ಈ ವಿಷಯದಲ್ಲಿ ನಮ್ಮ ಮಂದಿ ಬಲು ಜಿಪುಣರು. ಕಸುಬಿನ ಹಿರಿಯ ರಾಚಪ್ಪ ಕಾಕಾ ತನ್ನ ಅರವತ್ತೇಳು ವರ್ಷದಲ್ಲಿ ಅಲ್ಲಿಯವರೆಗೆ ಮೂರು ಕಲ್ಲುಗಳಿಗೆ ಮಾತ್ರ ಅಂಗೈ ಮುಟ್ಟಿಸಿದ್ದನಂತೆ. ಆ ಅಂಗೈಯಲ್ಲಿ ಉಂಗುರ ಬೆರಳು ಅರ್ಧವೇ ಇದೆ. ಉಳಿದರ್ಧ ಹುಡುಗಾಟದ ವಯಸ್ಸಿನಲ್ಲಿ ಚಪ್ಪಡಿಯೊಂದರ ಕೆಳಗೆ ಹೋಯಿತು. ನನ್ನ ಹದಿನಾಲ್ಕರಲ್ಲಿ ಒಂದಕ್ಕೂ ಯಾರೂ ಕೈ ಮುಟ್ಟಿಸಿರಲಿಲ್ಲ. ನಮ್ಮ ಮನೆಯ ಹೆಸರೇ ಹಾಗಿತ್ತು.

ಬಸ್ ನಿಲ್ದಾಣಕ್ಕೂ ದವಾಖಾನೆಗೂ ನಡುವೆ ಒಂದು ಅಂಗಳವಿದೆ. ಊರಲ್ಲಿ ಹುಟ್ಟಿದವರು, ಊರು ಬಿಟ್ಟವರು, ಜ್ವರ ಬಂದವರು, ಸಂತೆಗೆ ಬಂದವರು ಎಲ್ಲರೂ ಅದನ್ನು ದಾಟಲೇಬೇಕು. ಇಪ್ಪತ್ತು ವರ್ಷದ ಹಿಂದೆ ನನ್ನ ಅಪ್ಪ ಫಕೀರಪ್ಪ ಅಷ್ಟಕ್ಕೂ ಒಬ್ಬನೇ ಕಲ್ಲು ಹಾಸಿದ. ಅಷ್ಟು ದೊಡ್ಡ ಅಂಗಳವನ್ನು ಒಂದೇ ಕೈ ಹಾಸಿದ್ದು ಅದೇ ಮೊದಲು. ಮಂದಿಗೆ ಬಿಟ್ಟುಕೊಟ್ಟ ಮೂರನೆಯ ದಿನ ಸಂತೆ. ಆ ಮಧ್ಯಾಹ್ನ ಅಂಗಳದ ಕಲ್ಲುಗಳೆಲ್ಲ ಒಟ್ಟಿಗೆ ಅಲ್ಲಾಡಿದವು, ರಾಚಪ್ಪ ಕಾಕಾನ ತಾಯಿ ಬಿದ್ದು ಸೊಂಟ ಮುರಿದುಕೊಂಡಳು. ಫಕೀರಪ್ಪನಿಗೆ ತಡೆಯಲಾಗಲಿಲ್ಲ, ಸಾಕು ಅಂದುಬಿಟ್ಟ ಎಂದು ಊರು ಆಡಿಕೊಂಡಿತು. ಅಪ್ಪ ಹೇಳಿದ್ದು ಬೇರೆ. ಊಟಕ್ಕೆ ಕೂತಿದ್ದೆ, ಹೆಂಡತಿ ಮಜ್ಜಿಗೆ ಹಾಕುತ್ತಿದ್ದಳು, ಗಂಗಾಳ ತುಂಬಿತು, ಸಾಕು ಅಂದೆ, ಅಷ್ಟೇ ಎಂದ. ರಾಚಪ್ಪ ಕಾಕಾ ಪಂಚರ ಮುಂದೆ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಎಡಗೈ ನೆಲಕ್ಕಿಟ್ಟು ಉಣ್ಣೋ ಕಸಬುದಾರ ಎಲ್ಲಿದಾನೋ ಫಕೀರಾ? ಸುಳ್ಳ ಹೇಳಿದ್ರೂ ಚಲೋತ್ನ್ಯಾಗ ಹೇಳಲೇ.” ಮಂದಿ ನಕ್ಕರು. ಅಂದಿನಿಂದ ನಮ್ಮದು ಮಜ್ಜಿಗೆಯವರ ಮನೆ ಎಂದಾಯಿತು. ನನಗಾಗ ಹನ್ನೆರಡು ವರ್ಷ. ನಾನೂ ಅಪ್ಪನ ಮಾತು ನಂಬಲಿಲ್ಲ. ಏಕೆಂದರೆ ಎಡಗೈ ಮೊಣಕಾಲಿನ ಮೇಲಿಟ್ಟು ಉಣ್ಣುವುದನ್ನು ನನಗೆ ಕಲಿಸಿದವನೇ ಅವನು.

ಅಪ್ಪ ಮತ್ತೆ ಒಂದು ಕಲ್ಲನ್ನೂ ಹಾಸಲಿಲ್ಲ. ಹಿತ್ತಲಲ್ಲಿ ಕೂತು ಬೀಸುವ ಕಲ್ಲು, ಒರಳು ಕಟೆಯುತ್ತಿದ್ದ. ದವಾಖಾನೆಗೆ ಹೋಗಬೇಕಾದರೂ ಅಂಗಳ ತುಳಿಯದೆ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದ. ಅವ್ವ ಕೂಡ ಅಂದಿನಿಂದ ಯಾರಿಗೂ ಮಜ್ಜಿಗೆ ಬಡಿಸಲಿಲ್ಲ. ತಂಬಿಗೆಯನ್ನು ಗಂಗಾಳದ ಪಕ್ಕಕ್ಕಿಟ್ಟು ಒಳಗೆ ಹೋಗುತ್ತಿದ್ದಳು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬೇಕು.

ಆಮೇಲೆ ಅಂಗಳವನ್ನು ಹನ್ನೊಂದು ಮಂದಿ ಹಂಚಿಕೊಂಡು ಹಾಸಿದರು. ಒಬ್ಬೊಬ್ಬರಿಗೆ ಮೂವತ್ತು ಚಿಲ್ಲರೆ ಕಲ್ಲು, ತಡೆಯುವಷ್ಟು ಹೆಜ್ಜೆ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಅವರು ಮಾಡಿದ ಕಿತಾಪತಿ ನೋಡಿ. ತನ್ನ ಕಲ್ಲಿನ ಮೇಲೆ ಮಂದಿ ಕಡಿಮೆ ನಡೆಯಲಿ ಎಂದು ಒಬ್ಬ ತನ್ನ ಕಲ್ಲುಗಳನ್ನು ಒಂದು ನೂಲಿನಷ್ಟು ತಗ್ಗಿಸಿ ಕೂರಿಸಿದ. ಇನ್ನೊಬ್ಬ ಮೂಲೆ ಎತ್ತರಿಸಿದ. ಮತ್ತೊಬ್ಬ ಸಂದನ್ನು ಅಗಲ ಬಿಟ್ಟ. ಪಕ್ಕದವನ ಕಲ್ಲಿನ ಮೇಲೆ ನಡೆಯಲಿ ಎಂದು ಎಲ್ಲರೂ ಗುಟ್ಟಾಗಿ ಮಾಡಿದ್ದರಿಂದ ಯಾವ ಕಲ್ಲಿನ ಮೇಲೂ ನೆಟ್ಟಗೆ ನಡೆಯುವ ಹಾಗಿರಲಿಲ್ಲ. ಒಂದು ಮಳೆ ಬಂದರೆ ಎಂಟು ದಿನ ನೀರು. ಬಸುರಿಯರು ಸೀರೆ ಎತ್ತಿ ಹಿಡಿದು, ಮುದುಕರು ಕೋಲಿನಿಂದ ತಡವಿ, ಎಲ್ಲರೂ ಕಣ್ಣು ನೆಲಕ್ಕೆ ನೆಟ್ಟುಕೊಂಡು ಓರೆಯಾಗಿ ದಾಟುತ್ತಿದ್ದರು. ಪರ ಊರಿನವರು ನಮ್ಮೂರಿನವರ ನಡಿಗೆಯೇ ಹೀಗೆ ಎಂದುಕೊಂಡಿದ್ದರು.

ಕಳೆದ ವರ್ಷ ಅಂಗಳವನ್ನು ಹೊಸದಾಗಿ ಹಾಸಬೇಕೆಂದು ಪಂಚರು ಅಲ್ಲಿಯೇ ಸಭೆ ಸೇರಿದರು. ಹನ್ನೊಂದು ಮಂದಿ ಕಸುಬುದಾರರು ಸಾಲಾಗಿ ನಿಂತಿದ್ದರು. ನಾನು ತಲೆಯ ಮೇಲೆ ಒಂದು ಕೊಡ ನೀರು ಹೊತ್ತುಕೊಂಡು ಹೋದೆ. ಅಂಗಳದ ಎತ್ತರದ ಕಡೆ ನಿಂತು ಅಷ್ಟೂ ನೀರು ಸುರಿದೆ. ನೀರು ಎಡಕ್ಕೆ ಹರಿಯಿತು, ಬಲಕ್ಕೆ ತಿರುಗಿತು, ಕೊನೆಗೆ ನಡುವೆ ಹೋಗಿ ಕೆರೆಯಂತೆ ನಿಂತಿತು. ನಿಂತದ್ದು ರಾಚಪ್ಪ ಕಾಕಾ ಹಾಸಿದ ಕಲ್ಲುಗಳ ಮೇಲೆ.

“ಗಟಾರ ಆ ಕಡೆ ಐತಿ ಕಾಕಾ. ನೀರು ಯಾಕ ನಿಮ್ಮ ಕಲ್ಲಿನ ಮ್ಯಾಲ ಕುಂತೈತಿ?” ಎಂದೆ.

ಕಾಕಾ ಬಗ್ಗಿ ಬಲಗೈ ಬೆರಳಿನಿಂದ ನೀರಿನ ಆಳ ನೋಡಿದ. ಜಗಳಗಂಟನಾದರೂ ಸುಳ್ಳು ಹೇಳುವ ಮನುಷ್ಯನಲ್ಲ. “ಒಂದ ನೂಲು ತಗ್ಗಿಸೀನಿ. ಆಗ ನಮ್ಮವ್ವ ಹಾಸಿಗಿ ಹಿಡದಿದ್ಲು. ಮಂದಿ ಹೆಜ್ಜಿ ಅಂದ್ರ ನನಗ ಬ್ಯಾಸರ ಬಂದಿತ್ತು” ಎಂದ. ಉಳಿದ ಹತ್ತು ಮಂದಿ ತಮ್ಮ ತಮ್ಮ ಕಲ್ಲಿನ ಕಡೆ ನೋಡದೆ ಬಸ್ಸಿನ ಕಡೆ ನೋಡಿದರು.

“ಒಂದ ಕೈ ಬೇಕು ಇದಕ್ಕ. ನಾ ಹಾಸ್ತೀನಿ” ಎಂದೆ.

“ನಿಮ್ಮಪ್ಪ ಮೂರ ದಿನ ತಡದ. ನೀ ಎಷ್ಟ ದಿನ ತಡೀತಿ?” ಎಂದು ಕಾಕಾ ಕೇಳಿದ.

“ಸಾಯೂತನಾ ತಡೀತೀನಿ.”

ಕಾಕಾ ಹತ್ತಿರ ಬಂದ. “ಇಲ್ಲೇ ಬಿದ್ದಾಕಿ ನಮ್ಮವ್ವ. ಮತ್ತ ಎದ್ದು ನಿಂದ್ರಲಿಲ್ಲ. ಇನ್ನೊಬ್ರು ಯಾರರ ಬಿದ್ರ ನಿಮ್ಮ ಮನೀ ಮಂದಿ ಈ ಊರಾಗ ಇನ್ನ ಒಂದ ಕಲ್ಲೂ ಮುಟ್ಟಂಗಿಲ್ಲ. ಒರಳು ಕಟಿಯೂದೂ ಇಲ್ಲ. ಒಪ್ಪತೀಯೇನು?”

ಒಪ್ಪಿದೆ. ಅಪ್ಪನ ಕೈಗೆ ಉಳಿದಿದ್ದದ್ದು ಆ ಒರಳೊಂದೇ. ಅದನ್ನೂ ನಾನು ಪಣಕ್ಕಿಟ್ಟು ಬಂದಿದ್ದೆ. ಸಂಜೆ ಹಿತ್ತಲಿಗೆ ಹೋಗಿ ಹೇಳಿದಾಗ ಅಪ್ಪ ಬೈಯಲಿಲ್ಲ. “ಎಷ್ಟ ಕಲ್ಲು?” ಎಂದ. “ಮುನ್ನೂರ ಅರವತ್ತು. ಉದ್ದಕ್ಕ ಇಪ್ಪತ್ತು, ಅಡ್ಡಕ್ಕ ಹದಿನೆಂಟು” ಎಂದೆ. “ಗರಸು ಎರಡ ಸಲ ಬಡಿಸು. ಮೊದಲನೇ ಸಲ ನೀರ ಹೊಡದು ಬಡಿಸು” ಎಂದ. ಮತ್ತೆ ಉಳಿ ಎತ್ತಿಕೊಂಡ.

ಹನ್ನೊಂದು ಮಂದಿ ಬಂದು ತಮ್ಮ ತಮ್ಮ ಕಲ್ಲುಗಳನ್ನು ಹಾರೆ ಹಾಕಿ ಎತ್ತಿದರು. ಒಂದೊಂದು ಕಲ್ಲು ಎದ್ದಾಗಲೂ ಅವರ ಮುಖ ಸ್ವಲ್ಪ ಸ್ವಲ್ಪ ಹಗುರವಾಗುವುದನ್ನು ನೋಡಿ ನನಗೆ ನಗುವೂ ಬಂತು, ಆ ಭಾರವೆಲ್ಲ ಇನ್ನು ನನ್ನ ಕೈಗೇ ಎಂಬ ಎಣಿಕೆಯೂ ಬಂತು. ನೆಲ ಅಗೆಸಿದೆ. ಅಪ್ಪ ಹೇಳಿದಂತೆ ಜಲ್ಲಿಮಣ್ಣಿನ ಗರಸು ಹರವಿ ಎರಡು ಸಲ ಬಡಿಸಿ ಗಟ್ಟಿ ಮಾಡಿದೆ. ಮೇಲೆ ಮರಳು, ಅದರ ಮೇಲೆ ಸುಣ್ಣದ ಗಾರೆ. ದಾರ ಕಟ್ಟಿ, ಗಟಾರದ ಕಡೆಗೆ ಹತ್ತು ಅಡಿಗೆ ಒಂದು ಬೆರಳು ಇಳಿಜಾರು ಬಿಟ್ಟೆ. ಕಲ್ಲು ನುಣುಪಾದರೆ ಮಳೆಯಲ್ಲಿ ಜಾರುತ್ತದೆಂದು ಪ್ರತಿಯೊಂದರ ಮುಖವನ್ನೂ ಚಿಕ್ಕ ಉಳಿಯಿಂದ ಒರಟು ಮಾಡಿದೆ. ನಾಲ್ಕು ಮಂದಿ ಕಲ್ಲು ಇಳಿಸಿಕೊಡುತ್ತಿದ್ದರು. ಕೂರಿಸುವುದು ಮಾತ್ರ ನಾನೇ. ಕೊಡತಿಯಿಂದ ನಾಲ್ಕೂ ಮೂಲೆ ತಟ್ಟಿ, ಎಲ್ಲಿಯೂ ಟೊಳ್ಳು ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಅಂಗೈ ಊರುತ್ತಿದ್ದೆ. ಕಲ್ಲು ಬೆಚ್ಚಗಾಗುವವರೆಗೆ ಊರಿಕೊಂಡೇ ಇರಬೇಕು. ದಿನಕ್ಕೆ ಒಂಬತ್ತು ಹೊಸ ಕಲ್ಲು, ಒಂಬತ್ತಕ್ಕಿಂತ ಹೆಚ್ಚು ಒಂದೂ ಇಲ್ಲ. ಸಂಜೆ ಸರಿ ಕಾಣದ ಕಲ್ಲನ್ನು ಬೆಳಿಗ್ಗೆ ನಾನೇ ಎತ್ತಿ ಮತ್ತೆ ಹಾಸಿದ್ದುಂಟು. ನಲವತ್ತನೆಯ ದಿನ ಕೊನೆಯ ಕಲ್ಲು ಕೂರಿಸಿ, ಎತ್ತರದ ಕಡೆ ನಿಂತು ಒಂದು ಕೊಡ ನೀರು ಸುರಿದೆ. ಎಲ್ಲಿಯೂ ನಿಲ್ಲದೆ ನೇರವಾಗಿ ಗಟಾರಕ್ಕೆ ಹೋಯಿತು. ನಾನು ಅಲ್ಲಿಯೇ ಕೂತು ಅತ್ತೆ. ನಾಚಿಕೆಯೇನಿಲ್ಲ, ಅಂಥ ಕೆಲಸ ಮಾಡಿದವರು ಅತ್ತರೆ ತಪ್ಪಿಲ್ಲ.

ಭಾನುವಾರ ಅಂಗಳದ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿದರು. ಹೊಸ ಕಲ್ಲಿನ ಮೇಲೆ ಒಂದೆರಡು ದಿನ ಮೆಲ್ಲಗೆ ನಡೆಯುವುದು ನಮ್ಮೂರಿನ ಮರ್ಯಾದೆ. ಕೆಲವರು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ದಾಟಿದರು. ನಾನು ಮನೆಯಲ್ಲಿ ಕೂತು ಅಂಗೈ ಬಿಚ್ಚಿ ಹಿಡಿದಿದ್ದೆ. ಮೊದಲ ದಿನ ಕಚಗುಳಿ, ಎರಡನೆಯ ದಿನ ನೋವು. ಆದರೆ ಎಂಥೆಂಥ ಹೆಜ್ಜೆಗಳು ಬಂದವೆಂದು ಹೇಳಲಿ! ದವಾಖಾನೆಯ ಬಾಗಿಲ ಬಳಿಯ ಕಲ್ಲಿನ ಮೇಲೆ ಒಬ್ಬ ಇಡೀ ಬೆಳಿಗ್ಗೆ ಕಾಲು ಬದಲಿಸುತ್ತ ನಿಂತಿದ್ದ. ಒಬ್ಬಳು ಭಾರವಾಗಿ, ಹೆಜ್ಜೆಗೊಮ್ಮೆ ನಿಂತು ಒಳಗೆ ಹೋದಳು. ಮರುದಿನ ಅದೇ ಪಾದ ಹಗುರವಾಗಿ, ಬಹಳ ಜೋಪಾನವಾಗಿ ಹೊರಗೆ ಬಂತು. ಬಾಗಿಲ ಬಳಿ ನಿಂತವನು ಅವಳ ಪಕ್ಕದಲ್ಲಿಯೇ ನಡೆದ. ಅವರು ಯಾರೋ ನನಗೆ ಗೊತ್ತಿಲ್ಲ, ನಾನಂತೂ ಮನೆಯಲ್ಲಿ ಒಬ್ಬಳೇ ನಕ್ಕೆ. ಎರಡು ದಿನವೂ ಯಾರೂ ಓರೆಯಾಗಿ ನಡೆಯಲಿಲ್ಲ. ಯಾರ ಹೆಜ್ಜೆಯೂ ತಡವರಿಸಲಿಲ್ಲ. ಅವರು ನೆಲ ನೋಡದೆ ನಡೆಯುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ನನಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಮೂರನೆಯ ದಿನ ಮಂಗಳವಾರ, ಸಂತೆ. ಬೆಳಗಿನ ಮೊದಲ ಬಸ್ಸಿಗೇ ಶುರುವಾಯಿತು. ಮೆಣಸಿನಕಾಯಿ ಮೂಟೆ ಹೊತ್ತವರು, ಕೋಳಿ ತಂದವರು, ಮಕ್ಕಳನ್ನು ಎಳೆದುಕೊಂಡು ಓಡುವವರು. ಅಂಗೈ ಕೆಂಪಾಯಿತು, ಊದಿತು, ಬೆರಳು ಮಡಚಲು ಬರದಾಯಿತು. ಸುಡುತ್ತಿತ್ತು. ನೀರಿನಲ್ಲಿ ಅದ್ದಿದರೆ ನೀರೇ ಬಿಸಿಯಾದಂತೆ ಅನಿಸಿತು. ಮಧ್ಯಾಹ್ನ ಅವ್ವ ಊಟಕ್ಕೆ ಕರೆದಳು. ರೊಟ್ಟಿ ತಿಂದು ಅನ್ನಕ್ಕೆ ಬರುವಷ್ಟರಲ್ಲಿ ರಾಚಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದ. ನಮ್ಮ ಮನೆಯ ಹೊಸ್ತಿಲು ದಾಟಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

“ಕೈ ನೋಡಾಕ ಬಂದೀನಿ” ಎಂದು ನನ್ನೆದುರಿಗೆ ಕೂತ. ಊದಿದ ಅಂಗೈ ತೋರಿಸಿದೆ. ಅದನ್ನು ನೋಡಿ ಅವನ ಮುಖ ಮೆತ್ತಗಾಯಿತು. ಮಜ್ಜಿಗೆಯ ತಂಬಿಗೆಯ ಕಡೆ ನಾನು ಬಲಗೈ ಚಾಚುತ್ತಿದ್ದೆ. “ಇರು, ಎಂಜಲಗೈ ಚಾಚಬ್ಯಾಡ. ನಾ ಹಾಕ್ತೀನಿ ಕುಂದ್ರು” ಎಂದು ತಂಬಿಗೆ ಎತ್ತಿದ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಮನೆಯ ಹಿರಿಯನಂತೆ ಎತ್ತಿದ.

ಅಡುಗೆಮನೆಯಿಂದ ಅವ್ವ, “ಬ್ಯಾಡ್ರಿ ಅಣ್ಣಾರ!” ಎಂದು ಕೂಗಿದಳು. ಅಷ್ಟರಲ್ಲಿ ಮಜ್ಜಿಗೆ ಅನ್ನದ ಮೇಲೆ ಬೀಳುತ್ತಿತ್ತು. ಅನ್ನ ಮುಳುಗಿತು, ಗಂಗಾಳದ ಅಂಚಿಗೆ ಬಂತು, ಅಂಚು ದಾಟಿತು. ನನ್ನ ಬಾಯಿ ತೆರೆಯಿತು. ‘ಸಾ’ ಎಂಬುದು ಹೊರಗೆ ಬಂದೇಬಿಟ್ಟಿತು. ಆಗಲೇ ನೋಡಿದೆ, ನನ್ನ ಎಡಗೈ ಮೊಣಕಾಲಿನ ಮೇಲಿರಲಿಲ್ಲ. ನೆಲದ ಮೇಲಿತ್ತು. ನಾನು ಅದನ್ನು ಅಲ್ಲಿಡಲಿಲ್ಲ. ಸುಡುತ್ತಿದ್ದ ಅಂಗೈ ತಾನಾಗಿಯೇ ತಂಪು ಹುಡುಕಿಕೊಂಡು ನೆಲಕ್ಕೆ ಹೋಗಿ ಅಂಟಿಕೊಂಡಿತ್ತು. ನಾಲಿಗೆ ಕಚ್ಚಿಕೊಂಡೆ. ರಕ್ತ ಬರುವಂತೆ ಕಚ್ಚಿಕೊಂಡೆ. ಕೈಯನ್ನು ನೆಲದಿಂದ ಕಿತ್ತು ಎತ್ತಿದೆ. ಅಂಗಳದಲ್ಲಿ ಹೆಜ್ಜೆಗಳು ಬೀಳುತ್ತಲೇ ಇದ್ದವು, ನೆಟ್ಟಗೆ, ಒಂದರ ಹಿಂದೆ ಒಂದು. ಯಾರೂ ಬಿದ್ದಿರಲಿಲ್ಲ.

ಕಾಕಾ ತಂಬಿಗೆ ಹಿಡಿದುಕೊಂಡೇ ಕೂತಿದ್ದ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ನೆಲದ ಮೇಲೆ ನನ್ನ ಅಂಗೈ ಇದ್ದ ಜಾಗವನ್ನು ನೋಡುತ್ತಿದ್ದ. ಅಲ್ಲಿ ಬೆವರಿನಿಂದ ಐದು ಬೆರಳಿನ ಒದ್ದೆ ಗುರುತು ಮೂಡಿತ್ತು, ಮಜ್ಜಿಗೆ ಹರಿದು ಅದರ ಕಡೆಗೇ ಬರುತ್ತಿತ್ತು. ಮೂವತ್ತು ಕಲ್ಲು ಹೊತ್ತವರಿಗೆ ಅಂಗೈ ಹಾಗೆ ಸುಡುವುದಿಲ್ಲ. ಅಷ್ಟೂ ಅಂಗಳವನ್ನು ಹೊತ್ತವರು ಈ ಊರಲ್ಲಿ ಇಬ್ಬರೇ. ಒಬ್ಬ ಹೇಳಿದ್ದ, ಇನ್ನೊಬ್ಬಳು ಹತ್ತೊಂಬತ್ತು ವರ್ಷ ನಂಬಿರಲಿಲ್ಲ. ಹಿತ್ತಲಲ್ಲಿ ಉಳಿಯ ಸದ್ದು ಕೇಳುತ್ತಿತ್ತು.

“ಅಪ್ಪಾ,” ಎಂದು ಕೂಗಿದೆ. ಬಾಯಲ್ಲಿ ರಕ್ತವಿತ್ತು, ಮಾತು ತೊದಲಿತು. “ಮಜ್ಜಿಗಿ ಖರೇನ ಐತಿ ಅಪ್ಪಾ. ನೀ ಹೇಳಿದ್ದು ಖರೇನ ಐತಿ.”

ಉಳಿಯ ಸದ್ದು ನಿಂತಿತು. ಕಾಕಾ ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ. ಅವ್ವ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳೊಬ್ಬಳೇ ಅಪ್ಪನನ್ನು ಮೊದಲಿನಿಂದ ನಂಬಿದವಳು. ಕಾಕಾ ಎದ್ದು ಹೊರಟುಹೋದ. ಸ್ವಲ್ಪ ಹೊತ್ತಿಗೆ ಅಪ್ಪ ಹಿತ್ತಲಿಂದ ಬಂದ. ಮೈಮೇಲೆಲ್ಲ ಕಲ್ಲಿನ ಪುಡಿ. ಗೂಟದಿಂದ ರುಮಾಲು ತೆಗೆದು ಸುತ್ತಿಕೊಂಡ, ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟ, ಬರಿಗಾಲಲ್ಲಿ ಹೊರಗೆ ನಡೆದ.

ನಮ್ಮ ಮನೆಯ ಮೆಟ್ಟಿಲುಗಲ್ಲು ಹಾಸಿದವಳು ನಾನೇ. ಅಪ್ಪನ ಹೆಜ್ಜೆ ನನಗೆ ಗೊತ್ತು, ಮೊದಲು ಹಿಮ್ಮಡಿ, ಆಮೇಲೆ ಹೆಬ್ಬೆರಳು. ಅದು ಮೆಟ್ಟಿಲು ಇಳಿಯಿತು. ನಾನು ಉಣ್ಣುವುದನ್ನು ಬಿಟ್ಟು ಅಂಗೈ ಬಿಚ್ಚಿ ಕೂತೆ. ಸಂತೆಯ ಸಾವಿರ ಹೆಜ್ಜೆಗಳ ನಡುವೆ ಹುಡುಕಿದೆ. ಹಿಂದಿನ ಓಣಿಯಿಂದ ಹೋದನೋ ಏನೋ ಎಂದುಕೊಳ್ಳುವಷ್ಟರಲ್ಲಿ ಬಸ್ ನಿಲ್ದಾಣದ ಕಡೆಯ ಮೊದಲ ಸಾಲಿನ ಕಲ್ಲಿನ ಮೇಲೆ ಬಿತ್ತು. ಮೊದಲು ಹಿಮ್ಮಡಿ, ಆಮೇಲೆ ಹೆಬ್ಬೆರಳು. ಅವಸರವಿರಲಿಲ್ಲ. ಒಂದೊಂದು ಕಲ್ಲಿನ ಮೂಲೆಯನ್ನೂ ಹಿಮ್ಮಡಿಯಿಂದ ಒತ್ತಿ ನೋಡುತ್ತ, ತಪ್ಪು ಹುಡುಕುತ್ತ, ಸಿಗದೆ ಮುಂದಿನದಕ್ಕೆ ಹೋಗುತ್ತ ಅಪ್ಪ ಅಂಗಳದ ನಟ್ಟನಡುವೆ ಬಂದ. ಅಲ್ಲಿ ಇನ್ನೆರಡು ಪಾದಗಳು ಆಗಲೇ ನಿಂತಿದ್ದವು. ಎದುರು ಬದುರಾಗಿ ಒಂದೇ ಕಲ್ಲಿನ ಮೇಲೆ ಇಬ್ಬರೂ ನಿಂತರು. ಏನು ಮಾತಾಡಿದರೋ ನನಗೆ ತಿಳಿಯದು, ಅಂಗೈಗೆ ಹೆಜ್ಜೆ ತಿಳಿಯುತ್ತದೆ, ಮಾತು ಕೇಳಿಸುವುದಿಲ್ಲ. ಬಹಳ ಹೊತ್ತು ನಿಂತಿದ್ದರು. ಮಂದಿ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

ಆಮೇಲೆ ಆ ಕಲ್ಲಿನ ಮೇಲೆ ಒಂದು ಮೊಣಕಾಲು ಬಿತ್ತು. ಅದರ ಪಕ್ಕದಲ್ಲಿ ಒಂದು ಅಂಗೈ. ನನ್ನ ಅಂಗೈಯ ಮೇಲೆ ಯಾರೋ ಅಂಗೈಯಿಟ್ಟ ಹಾಗೆ ನಾಲ್ಕೂವರೆ ಬೆರಳು ಒಂದೊಂದಾಗಿ ತಿಳಿದವು. ಅದು ಏಳುವ ಮೊದಲೇ ಪಕ್ಕದಲ್ಲಿ ಇನ್ನೊಂದು ಅಂಗೈ ಬಂತು. ಐದು ಬೆರಳಿನದು, ಹತ್ತೊಂಬತ್ತು ವರ್ಷ ಯಾವ ಹಾಸುಗಲ್ಲನ್ನೂ ಮುಟ್ಟದ್ದು, ಮೊಣಕಾಲಿನ ಮೇಲಿದ್ದು ನನಗೆ ಉಣ್ಣಲು ಕಲಿಸಿದ್ದು. ಎರಡೂ ಒತ್ತಿಕೊಂಡೇ ಇದ್ದವು. ಅಷ್ಟು ಹೊತ್ತು ಅಂಗೈಯ ಉರಿ ನನಗೆ ಗೊತ್ತಾಗಲೇ ಇಲ್ಲ. ಊದಿದ ಕೈಯನ್ನು ಅವ್ವನ ಮುಂದೆ ಹಿಡಿದೆ. ಅವಳು ಏನು ಕಂಡಳೋ, ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನೆಲದ ಮೇಲಿದ್ದ ತಂಬಿಗೆಯನ್ನು ತಾನೇ ಎತ್ತಿದಳು. “ಅನ್ನ ತಣ್ಣಗಾತು. ಬಿಸೀದು ಹಾಕಿ ಇನ್ನೊಂದೀಟು ಮಜ್ಜಿಗಿ ಹಾಕ್ಲೇನು?” ಎಂದಳು. ಹೊಟ್ಟೆ ತುಂಬಿತ್ತು. ಎಡಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಹಾಕು ಎಂದೆ.